ಒಂದೇ ಹಾಳೆ, ನಾಲ್ಕು ಕೈ

ಶಾಲೆಯಲ್ಲಿ ಗುಂಪು ಚಟುವಟಿಕೆ ಮಾಡಿದವರಿಗೆಲ್ಲ ಈ ದೃಶ್ಯ ನೆನಪಿರುತ್ತದೆ. ನೆಲದ ಮೇಲೆ ಹರಡಿದ ಚಾರ್ಟ್ ಪೇಪರ್, ಸುತ್ತ ಐದಾರು ಮಕ್ಕಳು. ಅಕ್ಷರ ದುಂಡಗಿರುವ ಹುಡುಗಿ ಬರೆಯುತ್ತಾಳೆ, ಚಿತ್ರ ಬರುವವನು ಚಿತ್ರ ಬಿಡಿಸುತ್ತಾನೆ, ಉಳಿದವರು ಸ್ಕೆಚ್ ಪೆನ್ನಿನ ಮುಚ್ಚಳ ಹಿಡಿದುಕೊಂಡು ಕೂತಿರುತ್ತಾರೆ. ಕೊನೆಗೆ ಕೆಳಗಿನ ಮೂಲೆಯಲ್ಲಿ ಎಲ್ಲರ ಹೆಸರು. ಆ ಹೆಸರುಗಳಲ್ಲಿ ಯಾರದು ಎಷ್ಟು ಪಾಲು ಎಂದು ಮೇಷ್ಟರು ಕೇಳುವುದಿಲ್ಲ, ಮಕ್ಕಳು ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಪಿಯುಸಿ ಮಕ್ಕಳಿಗೆ ಊರಿನ ಕೆರೆಯ ಬಗ್ಗೆ ಬರೆಯಲು ಹೇಳಿದಾಗ ಚಾರ್ಟ್ ಪೇಪರ್ ಬಿಟ್ಟು ಗೂಗಲ್ ಡಾಕ್ಸ್ ಪ್ರಯೋಗ ಮಾಡೋಣ ಅನ್ನಿಸಿತು. ನಾಲ್ಕು ಮಕ್ಕಳಿಗೆ ಒಂದು ಹಾಳೆ. ಯಾರು ಎಲ್ಲಿಂದ ಬೇಕಾದರೂ ಬರೆಯಬಹುದು. ಯಾರು ಏನು ಬರೆದರು, ಏನು ಅಳಿಸಿದರು ಎಂಬುದು ವರ್ಶನ್ ಹಿಸ್ಟರಿಯಲ್ಲಿ ದಾಖಲಾಗುತ್ತದೆ. ಇನ್ನು ಮುಂದೆ ಅಂಕ ಕೊಡುವುದರಲ್ಲಿ ಅನ್ಯಾಯ ಆಗುವುದಿಲ್ಲ ಎಂದು ನಾನು ಸಂತೋಷಪಟ್ಟೆ. ಆ ಸಂತೋಷಕ್ಕೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮುಂಚೆ ಈ 'ಒಂದೇ ಹಾಳೆ' ಎಲ್ಲಿಂದ ಬಂತು ಎಂದು ನೋಡೋಣ. ಅದರ ಕಥೆ ಶುರುವಾಗುವುದು ಕಂಪ್ಯೂಟರಿನಿಂದಲ್ಲ.

1920ರ ದಶಕದ ಫ್ರಾನ್ಸ್. ಸೆಲೆಸ್ಟಿನ್ ಫ್ರೆನೆ ಎಂಬ ಯುವ ಮೇಷ್ಟರು ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯ ಮಾಡಿಕೊಂಡು ಮರಳಿದ್ದರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಅವರು ಒಂದು ಪುಟ್ಟ ಅಚ್ಚಿನ ಯಂತ್ರವನ್ನು ತರಗತಿಯೊಳಗೇ ತಂದಿಟ್ಟರು. ಮಕ್ಕಳು ತಾವು ಕಂಡದ್ದನ್ನು ಬರೆಯುತ್ತಿದ್ದರು, ಎಲ್ಲರೂ ಕೂಡಿ ತಿದ್ದುತ್ತಿದ್ದರು, ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಅಚ್ಚಾದ ಹಾಳೆಗಳು ಅಂಚೆಯಲ್ಲಿ ದೇಶದ ಇನ್ನೊಂದು ತುದಿಯ ಬ್ರಿಟನಿ ಪ್ರಾಂತ್ಯದ ಶಾಲೆಗೆ ಹೋಗುತ್ತಿದ್ದವು. ಅಲ್ಲಿನ ಮಕ್ಕಳು ಬರೆದದ್ದು ಇಲ್ಲಿಗೆ ಬರುತ್ತಿತ್ತು. ತಾವು ಬರೆದದ್ದನ್ನು ನಿಜವಾಗಿ ಓದುವವರು ಎಲ್ಲೋ ಇದ್ದಾರೆ ಎಂದು ಗೊತ್ತಾದಾಗ ಮಕ್ಕಳ ಬರವಣಿಗೆಯ ರೀತಿಯೇ ಬದಲಾಗುತ್ತದೆ ಎಂಬುದು ಫ್ರೆನೆ ಕಂಡುಕೊಂಡ ಸಂಗತಿ.

ಈ ವಿಚಾರ ಇಟಲಿಗೆ ದಾಟಿತು. ಫ್ಲಾರೆನ್ಸ್ ನಗರದಾಚೆಯ ಬೆಟ್ಟಗಳಲ್ಲಿ ಬಾರ್ಬಿಯಾನ ಎಂಬ ಊರು. ಊರು ಅನ್ನುವುದಕ್ಕಿಂತ ಒಂದು ಚರ್ಚು, ಅಲ್ಲೊಂದು ಇಲ್ಲೊಂದು ರೈತರ ಮನೆ. 1954ರ ಕೊನೆಯಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಅಲ್ಲಿಗೆ ಬಂದರು. ಸರ್ಕಾರಿ ಶಾಲೆಗಳಲ್ಲಿ ಫೇಲಾಗಿ ಮನೆ ಸೇರಿದ್ದ ರೈತಾಪಿ ಮಕ್ಕಳಿಗೆ ಬೆಳಗಿನಿಂದ ಸಂಜೆಯವರೆಗೆ, ರಜೆಯೇ ಇಲ್ಲದೆ ಪಾಠ ಮಾಡಿದರು. ಫ್ರೆನೆಯ ಹಾದಿಯಲ್ಲಿದ್ದ ಮಾರಿಯೊ ಲೋದಿ ಎಂಬ ಶಿಕ್ಷಕ 1963ರಲ್ಲಿ ಅಲ್ಲಿಗೆ ಬಂದುಹೋದ ಮೇಲೆ ಎರಡು ಶಾಲೆಗಳ ಮಕ್ಕಳ ನಡುವೆ ಪತ್ರ ವ್ಯವಹಾರ ಶುರುವಾಯಿತು. ಆ ಪತ್ರಗಳನ್ನು ಬಾರ್ಬಿಯಾನದ ಮಕ್ಕಳು ಎಲ್ಲರೂ ಕೂಡಿ ಬರೆದರು.

ಹೇಗೆ ಬರೆದರು ಎಂಬುದೇ ಇಲ್ಲಿ ಮುಖ್ಯ. ಪ್ರತಿಯೊಬ್ಬನ ಜೇಬಿನಲ್ಲೂ ಒಂದು ನೋಟ್‌ಬುಕ್. ಹೊಳೆದದ್ದನ್ನೆಲ್ಲ ಅದರಲ್ಲಿ ಗುರುತು ಹಾಕಿಕೊಳ್ಳಬೇಕು. ಒಂದು ದಿನ ಎಲ್ಲವನ್ನೂ ಬಿಡಿ ಚೀಟಿಗಳಿಗೆ ಇಳಿಸಬೇಕು, ಒಂದು ಚೀಟಿಗೆ ಒಂದೇ ವಿಚಾರ. ದೊಡ್ಡ ಮೇಜಿನ ಮೇಲೆ ಚೀಟಿಗಳನ್ನು ಹರಡಿ, ಒಂದೇ ಮಾತು ಎರಡು ಸಲ ಬಂದಿದ್ದರೆ ಒಂದನ್ನು ತೆಗೆದು, ಸಂಬಂಧ ಇರುವವನ್ನು ಗುಡ್ಡೆ ಮಾಡಬೇಕು. ಆ ಗುಡ್ಡೆಗಳೇ ಅಧ್ಯಾಯಗಳು. ಆಮೇಲೆ ಎಲ್ಲರೂ ಕೂತು ಒಂದೊಂದು ವಾಕ್ಯವನ್ನೂ ಓದಿ ಬೇಡದ ಪದ, ಕಷ್ಟದ ಪದ, ಉದ್ದದ ವಾಕ್ಯಗಳನ್ನು ಕತ್ತರಿಸಬೇಕು. ಹೀಗೆ ಎಂಟು ಹುಡುಗರು ಸೇರಿ ಬರೆದ 'ಶಿಕ್ಷಕಿಗೊಂದು ಪತ್ರ' 1967ರ ಮೇ ತಿಂಗಳಲ್ಲಿ ಪುಸ್ತಕವಾಗಿ ಬಂತು. ಬಡವರ ಮಕ್ಕಳನ್ನು ಶಾಲೆ ಹೇಗೆ ಹೊರಗೆ ದಬ್ಬುತ್ತದೆ ಎಂದು ಅಂಕಿಅಂಶ ಸಮೇತ ಕೇಳಿದ ಪುಸ್ತಕ ಅದು. ಮುಂದಿನ ತಿಂಗಳು ಮಿಲಾನಿ ತೀರಿಕೊಂಡರು. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಯಾವ ವಾಕ್ಯ ಯಾವ ಹುಡುಗನದು ಎಂದು ಓದುಗರಿಗೆ ಗೊತ್ತಾಗುವ ಹಾಗಿರಲಿಲ್ಲ, ಗೊತ್ತಾಗಲಿ ಎಂದು ಆ ಹುಡುಗರೂ ಬಯಸಿರಲಿಲ್ಲ.

ಇದಾದ ಮರು ವರ್ಷ, 1968ರ ಡಿಸೆಂಬರ್ 9ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಾಸ್ ಎಂಗಲ್‌ಬಾರ್ಟ್ ಎಂಬ ಎಂಜಿನಿಯರ್ ಸುಮಾರು ಸಾವಿರ ಮಂದಿಯ ಎದುರು ಒಂದು ಪ್ರದರ್ಶನ ಕೊಟ್ಟರು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಫಿಲಿಪೈನ್ಸ್‌ನಲ್ಲಿ ರೇಡಾರ್ ತಂತ್ರಜ್ಞರಾಗಿದ್ದಾಗ, ವ್ಯಾನೆವರ್ ಬುಶ್ ಬರೆದ ಲೇಖನವೊಂದನ್ನು ಅವರು ಓದಿದ್ದರು. ಮನುಷ್ಯ ತನ್ನ ಓದು, ಟಿಪ್ಪಣಿ, ವಿಚಾರಗಳನ್ನು ಒಂದಕ್ಕೊಂದು ಹೆಣೆದು ಇಟ್ಟುಕೊಳ್ಳಬಲ್ಲ ಯಂತ್ರದ ಕಲ್ಪನೆ ಅದರಲ್ಲಿತ್ತು. ಆ ಕಲ್ಪನೆ ಎಂಗಲ್‌ಬಾರ್ಟರನ್ನು ಬಿಡಲಿಲ್ಲ. ಕಂಪ್ಯೂಟರ್ ಎಂದರೆ ಲೆಕ್ಕ ಹಾಕುವ ಯಂತ್ರ ಎಂದು ಜಗತ್ತು ತಿಳಿದಿದ್ದ ಕಾಲದಲ್ಲಿ, ಅದು ಜನ ಒಟ್ಟಾಗಿ ಯೋಚಿಸಲು ಬೇಕಾದ ಸಾಧನ ಎಂದು ಅವರು ವಾದಿಸಿದರು.

ತೊಂಬತ್ತು ನಿಮಿಷದ ಆ ಪ್ರದರ್ಶನದಲ್ಲಿ ಜನ ಮೊದಲ ಸಲ ಮೌಸ್ ಕಂಡರು. ಒಂದು ದಿನಸಿ ಪಟ್ಟಿಯನ್ನು ಪರದೆಯ ಮೇಲೆ ಬರೆದು, ಹಿಂದೆ ಮುಂದೆ ಮಾಡಿ, ಗುಂಪು ಗುಂಪಾಗಿ ವಿಂಗಡಿಸುವುದನ್ನು ಕಂಡರು. ಬಾರ್ಬಿಯಾನದ ಮೇಜಿನ ಮೇಲಿನ ಚೀಟಿಗಳೇ ಈಗ ಬೆಳಕಿನ ಅಕ್ಷರಗಳಾಗಿದ್ದವು ಎನ್ನಬಹುದು, ಇಬ್ಬರಿಗೂ ಪರಸ್ಪರ ಪರಿಚಯ ಇರದಿದ್ದರೂ. ಪ್ರದರ್ಶನದ ಕೊನೆಕೊನೆಗೆ ಸುಮಾರು ಐವತ್ತು ಕಿಲೋಮೀಟರ್ ದೂರದ ಮೆನ್ಲೊ ಪಾರ್ಕ್‌ನಲ್ಲಿ ಕೂತಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡರು. ಇಬ್ಬರೂ ಮಾತಾಡುತ್ತ ಒಂದೇ ಪಠ್ಯವನ್ನು ನೋಡುತ್ತ ಕೆಲಸ ಮಾಡಿದರು. ಇಂದು ಹತ್ತನೇ ತರಗತಿಯ ಮಕ್ಕಳು ಫೋನಿನಲ್ಲಿ ಮಾಡುವುದು ಅದನ್ನೇ.

ಒಂದೇ ಹಾಳೆಗೆ ಹಲವು ಕೈ ಸೇರಿದಾಗ ಜಗಳವೂ ಬರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಿಂದ ಪ್ಲೇಟೊ ಎಂಬ ಕಂಪ್ಯೂಟರ್ ಕಲಿಕೆಯ ವ್ಯವಸ್ಥೆ ಇತ್ತು. ಅದರ ದೋಷಗಳನ್ನು ತಿಳಿಸಲು ಎಲ್ಲರೂ ಬರೆಯಬಹುದಾದ ಒಂದು ಕಡತ ಇಟ್ಟಿದ್ದರು. ಯಾರು ಬೇಕಾದರೂ ಬರೆಯಬಹುದು ಎಂದರೆ ಯಾರು ಬೇಕಾದರೂ ಅಳಿಸಬಹುದು ಎಂದೂ ಅರ್ಥ. ಬರೆದವರು ಯಾರೆಂದು ಖಚಿತವಾಗಿ ತಿಳಿಯುವಂತಿರಲಿಲ್ಲ. ಯಾರೋ ತಮಾಷೆಗೆ ಇಡೀ ಕಡತವನ್ನೇ ಅಳಿಸಿಹಾಕಿದ್ದೂ ಉಂಟು. 1973ರಲ್ಲಿ ಡೇವಿಡ್ ವೂಲಿ ಎಂಬ ಹದಿನೇಳರ ಹುಡುಗ ಇದಕ್ಕೆ ಪರಿಹಾರವಾಗಿ 'ನೋಟ್ಸ್' ಎಂಬ ಪ್ರೋಗ್ರಾಂ ಬರೆದ. ಪ್ರತಿ ಟಿಪ್ಪಣಿಗೂ ಬರೆದವರ ಗುರುತು, ದಿನಾಂಕ, ಸಮಯ ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಈ ಸಾಧನಗಳೆಲ್ಲ 'ಇದು ಯಾರದು' ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹುಟ್ಟತೊಡಗಿದವು.

1980ರ ದಶಕದಲ್ಲಿ ಕೆನಡಾದ ಮಾರ್ಲೀನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್ ಶಾಲಾ ಮಕ್ಕಳಿಗಾಗಿಯೇ ಇಂಥದೊಂದು ವ್ಯವಸ್ಥೆ ಕಟ್ಟಿದರು. ಒಂದು ಮಗು 'ನನ್ನ ಊಹೆ ಇದು' ಎಂದು ಬರೆದರೆ ಇನ್ನೊಂದು 'ನನಗೆ ಇದು ಅರ್ಥವಾಗಬೇಕು' ಎಂದು ಅದರ ಪಕ್ಕ ಬರೆಯುತ್ತಿತ್ತು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದರು. 2001ರಲ್ಲಿ ವಿಕಿಪೀಡಿಯ ಬಂತು. 2005ರಲ್ಲಿ ಮೂವರು ಪ್ರೋಗ್ರಾಮರುಗಳು 'ರೈಟ್ಲಿ' ಎಂಬ, ಬ್ರೌಸರಿನಲ್ಲೇ ಬರೆಯುವ ಸಾಧನ ಮಾಡಿದರು. ಮರು ವರ್ಷ ಗೂಗಲ್ ಅದನ್ನು ಕೊಂಡಿತು, ಅದೇ ಡಾಕ್ಸ್ ಆಯಿತು. 2008ರ 'ಈಥರ್‌ಪ್ಯಾಡ್' ಒಬ್ಬೊಬ್ಬರ ಅಕ್ಷರಕ್ಕೆ ಒಂದೊಂದು ಬಣ್ಣ ಕೊಟ್ಟು, ಬರವಣಿಗೆ ಬೆಳೆದ ಬಗೆಯನ್ನು ಸಿನಿಮಾದಂತೆ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುವ ಸೌಲಭ್ಯ ಕೊಟ್ಟಿತು.

ಇವೆಲ್ಲದರ ಹೊಟ್ಟೆಯಲ್ಲಿ ಒಂದು ಜಾಣ ಲೆಕ್ಕ ಇದೆ. ರೇಷನ್ ಅಂಗಡಿಯ ಸಾಲು ನೆನೆಸಿಕೊಳ್ಳಿ. ಹತ್ತನೆಯವರನ್ನು ಕರೆಯಿರಿ ಎಂದು ಅಂಗಡಿಯವರು ಹೇಳುವಷ್ಟರಲ್ಲಿ ಮುಂದೆ ಇಬ್ಬರು ನುಗ್ಗಿದರೆ ಹತ್ತನೆಯವರು ಹನ್ನೆರಡನೆಯವರಾಗುತ್ತಾರೆ. ಕರೆಯಬೇಕಾದವರು ಬದಲಾಗಲಿಲ್ಲ, ಸಂಖ್ಯೆ ಬದಲಾಯಿತು. ಹಾಗೆಯೇ ನಾನು ಹತ್ತನೇ ಅಕ್ಷರ ಅಳಿಸುವ ಹೊತ್ತಿಗೆ ನೀವು ಸಾಲಿನ ಮೊದಲಲ್ಲಿ ಎರಡು ಅಕ್ಷರ ಸೇರಿಸಿದ್ದರೆ, ನನ್ನ ಆಜ್ಞೆಯನ್ನು 'ಹನ್ನೆರಡನೇ ಅಕ್ಷರ ಅಳಿಸು' ಎಂದು ಕಂಪ್ಯೂಟರ್ ತಿದ್ದಿಕೊಳ್ಳಬೇಕು. ಕ್ಲಾರೆನ್ಸ್ ಎಲ್ಲಿಸ್ ಮತ್ತು ಸೈಮನ್ ಗಿಬ್ಸ್ ಈ ಉಪಾಯವನ್ನು 1989ರಲ್ಲಿ ಪ್ರಕಟಿಸಿದರು. 2010ರಲ್ಲಿ ಗೂಗಲ್ ಡಾಕ್ಸ್ ಹೊಸದಾಗಿ ಕಟ್ಟಲ್ಪಟ್ಟಾಗ ಇದೇ ದಾರಿಯಲ್ಲಿ ಅಕ್ಷರ ಅಕ್ಷರವೂ ಎಲ್ಲರ ಪರದೆಯಲ್ಲಿ ಆಗಿಂದಾಗಲೇ ಮೂಡತೊಡಗಿತು.

ಕನ್ನಡಕ್ಕೆ ಈ ಸಾಲಿನಲ್ಲಿ ನಿಲ್ಲುವುದೇ ಒಂದು ಸಾಹಸವಾಗಿತ್ತು. 'ಸ್ತ್ರೀ' ಎಂದು ಬರೆದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡ ಇತ್ತಾದರೂ ನಮ್ಮ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸಲು ಕಲಿಯುವ ಹೊತ್ತಿಗೆ ದಶಕ ಕಳೆದಿತ್ತು. ಅಷ್ಟರಲ್ಲಿ ಬರಹ, ನುಡಿಯಂಥ ತಂತ್ರಾಂಶಗಳು ನಮ್ಮ ಕೈ ಹಿಡಿದು ನಡೆಸಿದವು. ಅವುಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆನ್‌ಲೈನ್ ಹಾಳೆಗೆ ಅಂಟಿಸಿದರೆ ಮಾತ್ರ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಬೀಳುತ್ತಿದ್ದವು. ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟರುಗಳನ್ನು ಕೇಳಿ ನೋಡಿ, ಈ ಕಷ್ಟ ಇನ್ನೂ ಪೂರ್ತಿ ಮುಗಿದಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಕನ್ನಡಿಗರಿಗೆ ಒಂದೇ ಹಾಳೆಯಲ್ಲಿ ಕೂಡಿ ಬರೆಯುವ ರೂಢಿ ಮಾಡಿಸಿತು. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳ ವಿದ್ಯಾರ್ಥಿಗಳೂ ಅದರಲ್ಲಿ ಬರೆದರು.

ಹಾಗೆ ನೋಡಿದರೆ ಈ ರೂಢಿ ನಮಗೆ ಹೊಸದಲ್ಲ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಜೋಡಿಸಿದ ಶೂನ್ಯಸಂಪಾದನೆಯನ್ನು ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಒಬ್ಬರಾದ ಮೇಲೊಬ್ಬರು ಮತ್ತೆ ಜೋಡಿಸಿದರು. ಸಿದ್ಧರಾಮನ ಲಿಂಗದೀಕ್ಷೆಯಂಥ ಪ್ರಸಂಗಗಳು ಈ ಪಯಣದಲ್ಲಿ ಬದಲಾದವು. ನಾಲ್ಕೂ ಉಳಿದಿರುವುದರಿಂದ ಯಾರು ಏನು ಸೇರಿಸಿದರು, ಯಾಕೆ ಸೇರಿಸಿದರು ಎಂದು ವಿದ್ವಾಂಸರು ಇಂದೂ ಚರ್ಚಿಸಬಲ್ಲರು.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಇಷ್ಟೂ ಇತಿಹಾಸ ಒಂದೇ ಸಲಕ್ಕೆ ನಮ್ಮ ಮಕ್ಕಳ ಮೇಲೆ ಬಂದು ಬಿತ್ತು. ಅಪ್ಪನ ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಎಲ್ಲರ ಮನೆಯಲ್ಲೂ ಪರದೆ ಇಲ್ಲ ಎಂಬುದು ಗೊತ್ತಾಗಿ, ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಯೋಜನೆ ತಂದು ಮೇಷ್ಟರುಗಳನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿತು. ಜಗಲಿ, ದೇವಸ್ಥಾನದ ಆವರಣ, ಮರದ ನೆರಳು ಮತ್ತೆ ಶಾಲೆಗಳಾದವು. ಅದೂ ಅಕ್ಟೋಬರ್ ವೇಳೆಗೆ ನಿಂತಿತು.

ಈಗ ನಮ್ಮ ಕೆರೆಯ ಹಾಳೆಗೆ ಬರುತ್ತೇನೆ. ಹದಿನೈದು ದಿನದ ನಂತರ ವರ್ಶನ್ ಹಿಸ್ಟರಿ ತೆರೆದು ನೋಡಿದೆ. ಮೂವರು ಚೆನ್ನಾಗಿ ಬರೆದಿದ್ದರು. ನಾಲ್ಕನೇ ಹುಡುಗನ ಹೆಸರಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅವನಿಗೆ ಕಡಿಮೆ ಅಂಕ ಹಾಕಿದೆ. ಪುರಾವೆ ಎದುರಿಗೇ ಇತ್ತಲ್ಲ.

ಮಾರನೇ ದಿನ ಅವನ ಗೆಳೆಯ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಸರ್, ತೂಬಿನ ವಿಷಯ ಎಲ್ಲ ಅವನೇ ಹೇಳಿದ್ದು. ಅವನ ಹತ್ರ ಫೋನಿಲ್ಲ, ಅದಕ್ಕೆ ನಾನು ಟೈಪ್ ಮಾಡ್ದೆ. ಅವರ ತಾತ ನೀರುಗಂಟಿ ಆಗಿದ್ರು."

ಮತ್ತೆ ಹಿಸ್ಟರಿ ತೆರೆದೆ. ಈ ಸಲ ಅಳಿಸಿದ ಸಾಲುಗಳನ್ನೂ ಓದಿದೆ. ಊರಿನ ಗದ್ದೆಗಳಿಗೆಲ್ಲ ತೂಬು ಎತ್ತಿ ನೀರು ಬಿಡುತ್ತಿದ್ದ ತಾತ, ಅದೇ ಕೆರೆಯ ಸೋಪಾನದಲ್ಲಿ ಇಳಿದು ಕುಡಿಯುವ ನೀರು ತುಂಬಿಕೊಳ್ಳುವಂತಿರಲಿಲ್ಲ ಎಂದು ಒಂದು ವಾಕ್ಯ ಅಲ್ಲಿತ್ತು. ಎರಡು ದಿನ ಇದ್ದು, ಮೂರನೇ ದಿನ ಹೋಗಿತ್ತು. ಅಳಿಸಿದ ಹುಡುಗಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿ, "ಪ್ರಾಜೆಕ್ಟಲ್ಲಿ ಇದೆಲ್ಲ ಚೆನ್ನಾಗಿರಲ್ಲ ಅನ್ನಿಸ್ತು ಸರ್" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾವುದು ಚೆನ್ನಾಗಿರುತ್ತದೆ ಎಂದು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಯಂತ್ರ ಸುಳ್ಳು ಹೇಳಿರಲಿಲ್ಲ. ಟೈಪ್ ಮಾಡಿದವರು ಯಾರು, ಅಳಿಸಿದವರು ಯಾರು ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿತ್ತು. ಅಳಿಸಿದ ವಾಕ್ಯವನ್ನೂ ಕಾಪಾಡಿತ್ತು. ಚಾರ್ಟ್ ಪೇಪರ್ ಆಗಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಆದರೆ ಆ ವಾಕ್ಯ ಯಾರ ಮನೆಯ ನೆನಪು ಎಂಬುದು ಅದಕ್ಕೆ ಗೊತ್ತಿರಲು ಸಾಧ್ಯವಿರಲಿಲ್ಲ. ಕೇಳಿ ತಿಳಿದುಕೊಳ್ಳಬೇಕಾದವನು ನಾನು.

ಅಂಕ ತಿದ್ದಿದೆ. ನಾಲ್ವರನ್ನೂ ಒಟ್ಟಿಗೆ ಕೂರಿಸಿ ಆ ವಾಕ್ಯ ಇರಬೇಕೋ ಬೇಡವೋ ಎಂದು ಮಾತಾಡಲು ಬಿಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಆ ಹುಡುಗಿಯೇ ಅದನ್ನು ಹಾಳೆಗೆ ಮರಳಿಸಿದಳು, ಹುಡುಗ ಪಕ್ಕದಲ್ಲಿ ನಿಂತು ಒಂದು ಪದ ಬದಲಾಯಿಸಿದ. ಆಮೇಲಿನ ವರ್ಷಗಳಲ್ಲಿ ನಾನು ಮೊದಲ ವಾರ ಫೋನ್ ತೆಗೆಯಲು ಬಿಡುವುದಿಲ್ಲ. ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿ, ಒಂದು ಚೀಟಿಗೆ ಒಂದು ವಿಚಾರ ಬರೆಸಿ, ಬೆಂಚು ಜೋಡಿಸಿ ಹರಡಿಸುತ್ತೇನೆ. ಡಾಕ್ಸ್ ತೆರೆಯುವುದು ಅದಾದ ಮೇಲೆ.