ರೂಟ್ 128, ಮ್ಯಾಸಚೂಸೆಟ್ಸ್

ರೂಟ್ 128 ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೆದ್ದಾರಿ. ಇದು ಬಾಸ್ಟನ್ ನಗರದೊಳಕ್ಕೆ ಹೋಗುವುದಿಲ್ಲ. ನೈಋತ್ಯ, ಪಶ್ಚಿಮ ಮತ್ತು ಉತ್ತರದ ಉಪನಗರಗಳನ್ನು ಅರ್ಧಚಂದ್ರಾಕಾರವಾಗಿ ಬಳಸಿಕೊಂಡು ಈಶಾನ್ಯದ ಕಡಲತೀರ ಸೇರುತ್ತದೆ. ಉದ್ದ ಸುಮಾರು 92 ಕಿ.ಮೀ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ 26ನೆಯ ಪದಾತಿ ಡಿವಿಷನ್ನಿನ ನೆನಪಿಗೆ ಇದಕ್ಕೆ ‘ಯಾಂಕೀ ಡಿವಿಷನ್ ಹೆದ್ದಾರಿ’ ಎಂಬ ಹೆಸರೂ ಇದೆ. ನಗರದ ದಟ್ಟಣೆಗೆ ಸಿಲುಕದೆ ಆಚೆಗೆ ದಾಟಲೆಂದು ಕಟ್ಟಿದ ರಸ್ತೆಯಿದು. ಆದರೆ ದಾಟಿ ಹೋಗುವವರಿಗಿಂತ ಇದರ ಬದಿಯಲ್ಲೇ ಕೆಲಸಕ್ಕೆ ಬರುವವರಿಂದ ಇದು ಹೆಸರಾಯಿತು.

ಮಾರ್ಗ

ದಕ್ಷಿಣದ ತುದಿ ಕ್ಯಾಂಟನ್ ಊರಿನಲ್ಲಿದೆ. ಅಂತರರಾಜ್ಯ ಹೆದ್ದಾರಿಗಳಾದ ಐ-93 ಮತ್ತು ಐ-95 ಕೂಡುವ ಜಾಗ ಅದು. ಅಲ್ಲಿಂದ ಡೆಡಮ್, ನೀಡಮ್, ವೆಲ್ಸ್‌ಲಿ, ನ್ಯೂಟನ್, ವಾಲ್ಥಮ್, ಲೆಕ್ಸಿಂಗ್ಟನ್, ಬರ್ಲಿಂಗ್ಟನ್, ವೇಕ್‌ಫೀಲ್ಡ್‌ಗಳ ಮೂಲಕ ಪೀಬಡಿಯವರೆಗೆ ಐ-95 ಮತ್ತು 128 ಒಂದೇ ರಸ್ತೆ, ಎರಡು ಸಂಖ್ಯೆ. ಪೀಬಡಿಯಲ್ಲಿ ಐ-95 ನ್ಯೂ ಹ್ಯಾಂಪ್‌ಶೈರ್ ಕಡೆಗೆ ಹೊರಳುತ್ತದೆ. 128 ಒಂಟಿಯಾಗಿ ಡ್ಯಾನ್ವರ್ಸ್, ಬೆವರ್ಲಿ ದಾಟಿ, ಮರಗಳ ನಡುವೆ ಕಿರಿದಾಗುತ್ತಾ ಮೀನುಗಾರರ ಊರು ಗ್ಲಾಸ್ಟರ್ ಮುಟ್ಟುತ್ತದೆ. ಆನಿಸ್ಕ್ವಾಮ್ ನದಿಯ ಮೇಲಿನ ಎ. ಪಿಯಾಟ್ ಆಂಡ್ರ್ಯೂ ಸೇತುವೆ 1950ರದು. ಅದನ್ನು ದಾಟಿದ ಮೇಲೆ ಎರಡು ವೃತ್ತಗಳು ಸಿಗುತ್ತವೆ. ಎರಡನೆಯದು ಹಾವರ್ಡ್ ಬ್ಲ್ಯಾಕ್‌ಬರ್ನ್ ಹೆಸರಿನದು. 1883ರಲ್ಲಿ ಹಿಮಗಾಳಿಗೆ ಸಿಕ್ಕಿ, ಬೆರಳುಗಳೆಲ್ಲ ಮರಗಟ್ಟಿದರೂ ದೋಣಿಗೆ ಹುಟ್ಟು ಹಾಕಿ ದಡ ಸೇರಿದ ಬೆಸ್ತ ಆತ. ಬೆರಳುಗಳನ್ನು ಕಳೆದುಕೊಂಡ ಮೇಲೂ 1899ರಲ್ಲಿ ಒಬ್ಬನೇ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ. ಇಂಥ ಸಾಹಸಿಯ ವೃತ್ತದ ಮುಂದೆ ಹೆದ್ದಾರಿ ಯಾವ ಗತ್ತೂ ಇಲ್ಲದೆ ಒಂದು ಟ್ರಾಫಿಕ್ ಸಿಗ್ನಲ್ಲಿನಲ್ಲಿ ಮುಗಿಯುತ್ತದೆ.

ಇತಿಹಾಸ

1920ರ ದಶಕದಲ್ಲಿ 128 ಎಂಬುದು ಬರೀ ಒಂದು ಸಂಖ್ಯೆ. ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಆಗಲೇ ಇದ್ದ ಬೀದಿಗಳನ್ನು ಒಂದಕ್ಕೊಂದು ಜೋಡಿಸಿ ಫಲಕ ನೆಟ್ಟಿದ್ದರು, ಅಷ್ಟೆ. 1930ರ ದಶಕದಲ್ಲಿ ಅಲ್ಲಲ್ಲಿ ಹೊಸ ತುಣುಕುಗಳನ್ನು ಕಟ್ಟಿದರು. ಯುದ್ಧ ಬಂದು ಕೆಲಸ ನಿಂತಿತು. ರಸ್ತೆಗೆ ಈಗಿನ ರೂಪ ಬಂದದ್ದು ರಾಜ್ಯದ ಲೋಕೋಪಯೋಗಿ ಕಮಿಷನರ್ ವಿಲಿಯಂ ಕ್ಯಾಲಹನ್ ಹಟದಿಂದ. ವೆಲ್ಸ್‌ಲಿಯಿಂದ ಲಿನ್‌ಫೀಲ್ಡ್‌ವರೆಗಿನ ಸುಮಾರು 36 ಕಿ.ಮೀ. ಭಾಗ 1951ರಲ್ಲಿ ತೆರೆಯಿತು. ಹೊಲ, ಹಂದಿ ಸಾಕಣೆಯ ಕೊಟ್ಟಿಗೆ, ಕುರುಚಲು ಕಾಡುಗಳ ನಡುವೆ ಇಷ್ಟು ಅಗಲದ ರಸ್ತೆ ಯಾರಿಗೆ ಬೇಕು, ಇದು ಎಲ್ಲಿಗೂ ಹೋಗದ ದಾರಿ ಎಂದು ಟೀಕಾಕಾರರು ನಕ್ಕರು. ಏಳು ವರ್ಷ ಕಳೆಯುವುದರೊಳಗೆ ಅದನ್ನು ಆರು ಲೇನಿನಿಂದ ಎಂಟಕ್ಕೆ ಅಗಲಿಸಬೇಕಾಯಿತು.

ಟೀಕಾಕಾರರ ಲೆಕ್ಕ ತಪ್ಪಿದ್ದು ವಾಹನಗಳ ವಿಷಯಕ್ಕಿಂತ ಭೂಮಿಯ ವಿಷಯದಲ್ಲಿ. ರಸ್ತೆ ಹಾದುಹೋದದ್ದು ಅಗ್ಗದ ಬಯಲಿನಲ್ಲಿ. ಕೇಂಬ್ರಿಜ್‌ನ ಎಂಐಟಿ ಮತ್ತು ಹಾರ್ವರ್ಡ್ ಪ್ರಯೋಗಾಲಯಗಳು ಅಲ್ಲಿಗೆ ದೂರವಿರಲಿಲ್ಲ. ಶೀತಲ ಸಮರದ ಹಣ ಆ ಪ್ರಯೋಗಾಲಯಗಳಿಗೆ ಹರಿಯುತ್ತಿತ್ತು. ವಾಯುರಕ್ಷಣೆಯ ಸಂಶೋಧನೆಗೆಂದು ಎಂಐಟಿ ಲಿಂಕನ್ ಲ್ಯಾಬೊರೇಟರಿಯನ್ನು ಲೆಕ್ಸಿಂಗ್ಟನ್‌ನಲ್ಲಿ ಸ್ಥಾಪಿಸಿದ್ದೂ 1951ರಲ್ಲೇ. ಕ್ಯಾಬಟ್, ಕ್ಯಾಬಟ್ ಅಂಡ್ ಫೋರ್ಬ್ಸ್ ಎಂಬ ರಿಯಲ್ ಎಸ್ಟೇಟ್ ಸಂಸ್ಥೆಯ ಜೆರಾಲ್ಡ್ ಬ್ಲೇಕ್ಲಿ ಇದನ್ನು ಬೇಗ ಗ್ರಹಿಸಿದ. ನೀಡಮ್ ಮತ್ತು ವಾಲ್ಥಮ್‌ಗಳಲ್ಲಿ ಅವನ ಸಂಸ್ಥೆ ಕಟ್ಟಿದ ಕೈಗಾರಿಕಾ ಪಾರ್ಕುಗಳಲ್ಲಿ ಹೊಗೆಗೊಳವೆ ಇರಲಿಲ್ಲ. ತಗ್ಗು ಕಟ್ಟಡ, ಮುಂದೆ ಹುಲ್ಲುಹಾಸು, ಹಿಂದೆ ವಿಶಾಲವಾದ ಪಾರ್ಕಿಂಗ್. ಕಾರ್ಖಾನೆ ಎಂದರೆ ಮೂಗು ಮುರಿಯುತ್ತಿದ್ದ ಊರುಗಳೂ ತೆರಿಗೆ ಬರುತ್ತದೆಂದು ಒಪ್ಪಿಕೊಂಡವು. 1957ರಲ್ಲಿ ಹೆದ್ದಾರಿಯುದ್ದಕ್ಕೂ 99 ಕಂಪನಿಗಳಿದ್ದು, 17,000 ಮಂದಿ ಕೆಲಸಕ್ಕಿದ್ದರು. 1965ರಲ್ಲಿ ಕಂಪನಿಗಳು 574, 1973ರಲ್ಲಿ 1,212. ರೇಥಿಯಾನ್, ಪೊಲರಾಯ್ಡ್, ಐಟೆಕ್‌ನಂಥ ಹೆಸರುಗಳು ಈ ಪಟ್ಟಿಯಲ್ಲಿ ಬರುತ್ತವೆ.

ಜನವಸತಿಯೂ ಇದರ ಬೆನ್ನಿಗೇ ಬಂತು. 1950ರಲ್ಲಿ ಮೂರು ಸಾವಿರದಷ್ಟು ಜನರಿದ್ದ ಬರ್ಲಿಂಗ್ಟನ್ 1970ರ ಹೊತ್ತಿಗೆ ಇಪ್ಪತ್ತು ಸಾವಿರ ದಾಟಿತ್ತು. ಪೀಬಡಿಯಲ್ಲಿ 1958ರಲ್ಲಿ, ಬರ್ಲಿಂಗ್ಟನ್‌ನಲ್ಲಿ 1968ರಲ್ಲಿ ದೊಡ್ಡ ಮಾರಾಟ ಸಂಕೀರ್ಣಗಳು ತೆರೆದವು. ಆದರೆ ಈ ಸಮೃದ್ಧಿಗೆ ಪ್ರವೇಶ ದೊರಕುತ್ತಿದ್ದದ್ದು ಕಾರು ಇದ್ದವರಿಗೆ. ವೆಸ್ಟನ್, ಲಿಂಕನ್‌ನಂಥ ಊರುಗಳು ದೊಡ್ಡ ನಿವೇಶನದ ನಿಯಮ ಮಾಡಿ ಸಾಧಾರಣ ಮನೆಗಳು ಬಾರದಂತೆ ನೋಡಿಕೊಂಡವು. ಬಾಸ್ಟನ್‌ನ ಬಡ ಬಡಾವಣೆಗಳಿಂದ ಇಲ್ಲಿನ ಕೆಲಸಗಳಿಗೆ ತಲುಪಲು ಬಸ್ಸು, ರೈಲುಗಳ ಅನುಕೂಲ ತೀರಾ ಕಡಿಮೆ. ಹೆದ್ದಾರಿಯನ್ನು ಕೊಂಡಾಡುವ ಬರಹಗಳು ಈ ಮಾತನ್ನು ಸಾಮಾನ್ಯವಾಗಿ ಬದಿಗೆ ಸರಿಸುತ್ತವೆ.

1980ರ ದಶಕದಲ್ಲಿ ‘ರೂಟ್ 128’ ಎಂದರೆ ರಸ್ತೆಯಲ್ಲ, ಒಂದು ಉದ್ಯಮವಲಯ ಎಂಬ ಅರ್ಥ ರೂಢಿಯಾಗಿತ್ತು. ಆ ಖ್ಯಾತಿಯ ಮಿನಿಕಂಪ್ಯೂಟರ್ ಕಂಪನಿಗಳಲ್ಲಿ ಮುಖ್ಯವಾದವು ಇದರ ಬದಿಯಲ್ಲಿರಲೇ ಇಲ್ಲ: ಡಿಜಿಟಲ್ ಇಕ್ವಿಪ್‌ಮೆಂಟ್ ಮೇನಾರ್ಡ್‌ನಲ್ಲಿ, ವಾಂಗ್ ಲೋವೆಲ್‌ನಲ್ಲಿ, ಡೇಟಾ ಜನರಲ್ ವೆಸ್ಟ್‌ಬರೋದಲ್ಲಿ, ಮೂರೂ ಇನ್ನಷ್ಟು ಹೊರಗೆ. ಪರ್ಸನಲ್ ಕಂಪ್ಯೂಟರ್ ಬಂದಾಗ ಇವು ಕುಸಿದವು. ವಾಂಗ್ 1992ರಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಜಿಟಲ್ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು. ಎಲ್ಲವನ್ನೂ ಒಂದೇ ಕಂಪನಿಯ ಗೋಡೆಯೊಳಗೆ ಇಟ್ಟುಕೊಳ್ಳುವ ಪದ್ಧತಿಯೇ ಇಲ್ಲಿನವರನ್ನು ಸಿಲಿಕಾನ್ ವ್ಯಾಲಿಗಿಂತ ಹಿಂದೆ ಬೀಳಿಸಿತು ಎಂದು ವಿದ್ವಾಂಸೆ ಆನಾಲೀ ಸ್ಯಾಕ್ಸೇನಿಯನ್ 1994ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ವಾದದಲ್ಲಿ ತಿರುಳಿದೆ. ಆದರೆ ರಕ್ಷಣಾ ಗುತ್ತಿಗೆಗಳ ಮೇಲಿನ ಅವಲಂಬನೆಗೂ ಅಷ್ಟೇ ತೂಕ ಕೊಡಬೇಕು.

ಎರಡು ಸಂಖ್ಯೆಗಳ ಗೊಂದಲ ಹುಟ್ಟಿದ್ದು ಕಟ್ಟದೇ ಉಳಿದ ಇನ್ನೊಂದು ರಸ್ತೆಯಿಂದ. ಐ-95 ಮೂಲ ಯೋಜನೆಯಂತೆ ಬಾಸ್ಟನ್‌ನ ಮಧ್ಯದಿಂದ ಹಾಯಬೇಕಿತ್ತು. ಅದಕ್ಕಾಗಿ ರಾಕ್ಸ್‌ಬರಿ, ಜಮೈಕಾ ಪ್ಲೇನ್‌ಗಳಲ್ಲಿ ಮನೆಗಳನ್ನು ಕೆಡವಲು ಶುರುಮಾಡಿದಾಗ ನಿವಾಸಿಗಳು ತಿರುಗಿಬಿದ್ದರು. ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ 1970ರಲ್ಲಿ ಕಾಮಗಾರಿಗೆ ತಡೆ ಹಾಕಿ, 1972ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ತೆರವಾದ ಪಟ್ಟಿಯಲ್ಲಿ ಮುಂದೆ ಮೆಟ್ರೋದ ಆರೆಂಜ್ ಲೈನ್ ಮತ್ತು ಉದ್ದನೆಯ ಉದ್ಯಾನ ಬಂದವು. ನೆಲೆ ತಪ್ಪಿದ ಐ-95ನ್ನು 128ರ ಮೇಲೆ ಹೊರಿಸಲಾಯಿತು. ಕ್ಯಾಂಟನ್‌ನಿಂದ ಬ್ರೇನ್‌ಟ್ರೀವರೆಗಿನ ದಕ್ಷಿಣದ ತುಂಡು ಐ-93ಕ್ಕೆ ಹೋಯಿತು. ಇಷ್ಟಾದರೂ ಊರಿನವರ ಬಾಯಲ್ಲಿ ಅದು 128 ಆಗಿಯೇ ಉಳಿದಿದೆ. 1953ರಲ್ಲಿ ತೆರೆದ ರೈಲು ನಿಲ್ದಾಣದ ಹೆಸರೂ ‘ರೂಟ್ 128’. ಜೊನಾಥನ್ ರಿಚ್‌ಮನ್‌ನ ‘ರೋಡ್‌ರನ್ನರ್’ ಎಂಬ ರಾಕ್ ಹಾಡಿನಲ್ಲೂ ಈ ಸಂಖ್ಯೆ ಬರುತ್ತದೆ.

ವೆಲ್ಸ್‌ಲಿಯಿಂದ ದಕ್ಷಿಣಕ್ಕೆ ರಸ್ತೆ ಬಹುಕಾಲ ಆರು ಲೇನಿನದಾಗಿಯೇ ಇತ್ತು. ಬೆಳಗ್ಗೆ, ಸಂಜೆ ದಟ್ಟಣೆಯ ಹೊತ್ತಿನಲ್ಲಿ, ಕೆಟ್ಟ ವಾಹನ ನಿಲ್ಲಿಸಬೇಕಾದ ಅಂಚಿನಲ್ಲೇ ಕಾರು ಓಡಿಸಲು ಅನುಮತಿ ಕೊಟ್ಟಿದ್ದರು. ರ‍್ಯಾಂಡಾಲ್ಫ್‌ನಿಂದ ವೆಲ್ಸ್‌ಲಿವರೆಗಿನ ಸುಮಾರು 23 ಕಿ.ಮೀ.ಗೆ ಪ್ರತಿ ದಿಕ್ಕಿನಲ್ಲೂ ನಾಲ್ಕನೆಯ ಲೇನ್ ಸೇರಿಸುವ ಕೆಲಸ 2003ರಲ್ಲಿ ಆರಂಭವಾಗಿ 2019ರಲ್ಲಿ ಮುಗಿಯಿತು.