ಪಾರದಚಾಪ ಯಂತ್ರದ ದೋಷಪರಿಹಾರ ಚರಿತ್ರೆ

ಯಾವ ಯಂತ್ರವೂ ಹುಟ್ಟುವಾಗಲೇ ಸರ್ವಾಂಗಪರಿಪೂರ್ಣವಾಗಿ ಹುಟ್ಟುವುದಿಲ್ಲ. ಅದನ್ನು ಮೊದಲು ಕಂಡವನ ಹೆಸರು ಲೋಕದಲ್ಲಿ ನಿಲ್ಲುತ್ತದೆ. ಅದರ ದೋಷಗಳನ್ನು ಒಂದೊಂದಾಗಿ ಕಳೆದು ಅದನ್ನು ಕೆಲಸಕ್ಕೆ ಯೋಗ್ಯವಾಗುವಂತೆ ಮಾಡಿದವರ ಹೆಸರುಗಳಾದರೋ ಬಹುಮಟ್ಟಿಗೆ ಕಾರ್ಖಾನೆಯ ಗೋಡೆಗಳೊಳಗೇ ಉಳಿದುಹೋಗುತ್ತವೆ. ಪಾರದಚಾಪ ರೆಕ್ಟಿಫೈಯರ್ ಎಂಬ ವಿದ್ಯುದ್ಯಂತ್ರದ ವೃತ್ತಾಂತವು ಈ ಮಾತಿಗೆ ಒಂದು ಒಳ್ಳೆಯ ನಿದರ್ಶನ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಟ್ರಾಮು, ರೈಲು, ಲೋಹದ ಕಾರ್ಖಾನೆಗಳಿಗೆ ಮೌನವಾಗಿ ಸೇವೆಸಲ್ಲಿಸಿದ ಈ ಯಂತ್ರವನ್ನು ಈಗ ವಸ್ತುಸಂಗ್ರಹಾಲಯಗಳಲ್ಲಿ ಅರಸಬೇಕಾಗಿದೆ. ಆದರೂ ಅದರ ಚರಿತ್ರೆಯಲ್ಲಿ ತಿಳಿಯತಕ್ಕ ಅಂಶಗಳು ಅನೇಕವಿವೆ.

ವಿದ್ಯುತ್ಪ್ರವಾಹದಲ್ಲಿ ಎರಡು ಬಗೆಗಳುಂಟೆಂಬುದು ವಾಚಕರಿಗೆ ವಿದಿತವೇ ಆಗಿದೆ. ಒಂದೇ ದಿಕ್ಕಿನಲ್ಲಿ ಹರಿಯುವುದು ಏಕಮುಖ ಪ್ರವಾಹ. ಒಂದು ಸೆಕೆಂಡಿನಲ್ಲಿ ಹಲವು ಹತ್ತು ಸಲ ಹಿಂದಕ್ಕೂ ಮುಂದಕ್ಕೂ ದಿಕ್ಕು ಬದಲಿಸುವುದು ಪರ್ಯಾಯ ಪ್ರವಾಹ. ಎರಡನೆಯದನ್ನು ಟ್ರಾನ್ಸ್‌ಫಾರ್ಮರಿನ ಸಹಾಯದಿಂದ ಸುಲಭವಾಗಿ ಏರಿಸಬಹುದು, ಇಳಿಸಬಹುದು. ಆದಕಾರಣ ದೂರದ ಊರುಗಳಿಗೆ ಶಕ್ತಿಯನ್ನು ಸಾಗಿಸುವ ಕೆಲಸದಲ್ಲಿ ಅದೇ ಗೆದ್ದಿತು. ಆದರೆ ಬ್ಯಾಟರಿಗೆ ಶಕ್ತಿ ತುಂಬುವುದು, ಲೋಹಕ್ಕೆ ಮುಲಾಮು ಕೊಡುವುದು, ಅಲ್ಯುಮಿನಿಯಂ ತೆಗೆಯುವುದು, ಟ್ರಾಮುಗಾಡಿಯ ಮೋಟಾರನ್ನು ನಡೆಸುವುದು ಮೊದಲಾದ ಕೆಲಸಗಳಿಗೆ ಏಕಮುಖ ಪ್ರವಾಹವೇ ಬೇಕಾಗಿದ್ದಿತು. ಹೀಗೆ ಬರುವ ಪ್ರವಾಹ ಒಂದು ಬಗೆಯದು, ಬೇಕಾದ ಪ್ರವಾಹ ಮತ್ತೊಂದು ಬಗೆಯದು ಎಂಬ ತೊಡಕು ಉಂಟಾಯಿತು. ಇದನ್ನು ಬಿಡಿಸಲು ಮೊದಲಿಗೆ ತಿರುಗುವ ಪರಿವರ್ತಕ ಯಂತ್ರಗಳನ್ನು ಇಟ್ಟರು. ಅವು ಗಾತ್ರದಲ್ಲಿ ದೊಡ್ಡವು, ಸದ್ದಿನಲ್ಲಿ ಇನ್ನೂ ದೊಡ್ಡವು. ಅವುಗಳ ಬ್ರಷ್ಷುಗಳು ಸವೆಯುತ್ತಿದ್ದುವು, ಕಿಡಿ ಹಾರುತ್ತಿದ್ದುವು. ಹಗಲಿರುಳೂ ಅವುಗಳ ಪಕ್ಕದಲ್ಲಿ ಆಳು ಕಾದಿರಬೇಕಾಗಿದ್ದಿತು. ತಿರುಗುವ ಅಂಗವೇ ಇಲ್ಲದ ಪರಿವರ್ತಕವೊಂದು ದೊರೆತರೆ ಎಷ್ಟೋ ಶ್ರಮ ಉಳಿಯುವುದೆಂದು ಎಲ್ಲರೂ ಬಯಸುತ್ತಿದ್ದರು.

ಅದಕ್ಕೆ ಬೇಕಾದ ಸುಳಿವು 1882ರಲ್ಲೇ ದೊರೆತಿದ್ದಿತು. ಆ ವರ್ಷ ಫ್ರಾನ್ಸಿನ ಜಾಮಾಂ, ಮಾನುವ್ರಿಯೇ ಎಂಬ ಇಬ್ಬರು ವಿಜ್ಞಾನಿಗಳು ಪಾರದಕ್ಕೂ ಇಂಗಾಲಕ್ಕೂ ನಡುವೆ ವಿದ್ಯುಚ್ಚಾಪವನ್ನು ಹೊತ್ತಿಸಿದಾಗ, ಪ್ರವಾಹವು ಒಂದು ದಿಕ್ಕಿಗೆ ಹರಿದು ಇನ್ನೊಂದು ದಿಕ್ಕಿಗೆ ಹರಿಯದಿರುವುದನ್ನು ಗಮನಿಸಿದರು. 1892ರಲ್ಲಿ ಬರ್ಲಿನ್ ನಗರದ ಲೇಯೋ ಆರೋನ್ಸ್ ಎಂಬಾತನು ಪಾರದದ ಆವಿಯಿಂದ ಬೆಳಗುವ ದೀಪವನ್ನು ರಚಿಸಿದನು. ಆದರೂ ಸುಳಿವು ಸುಳಿವಾಗಿಯೇ ಉಳಿಯಿತು. ಅದನ್ನು ಯಂತ್ರವಾಗಿ ಮಾಡಿದ ಯಶಸ್ಸು ಅಮೆರಿಕದ ನ್ಯೂಯಾರ್ಕಿನ ಪೀಟರ್ ಕೂಪರ್ ಹ್ಯೂಯಿಟ್ಟನಿಗೆ ಸಂದಿತು. ಇವನು 1861ರಲ್ಲಿ ಹುಟ್ಟಿದವನು. ತಂದೆ ಆ ನಗರದ ಮೇಯರ್ ಪದವಿಯನ್ನು ವಹಿಸಿದ್ದವನು. ಸಿರಿವಂತರ ಮನೆಯಲ್ಲಿ ಹುಟ್ಟಿಯೂ ಇವನು ಪ್ರಯೋಗಶಾಲೆಯಲ್ಲಿ ಕಾಲ ಕಳೆದನು. 1901ರಲ್ಲಿ ತನ್ನ ಪಾರದದೀಪಕ್ಕೆ ಪೇಟೆಂಟು ಪಡೆದನು. ಆ ದೀಪದ ಬೆಳಕು ನೀಲಿಹಸುರು. ಕೆಂಪಿನ ಅಂಶವೇ ಇಲ್ಲದ್ದರಿಂದ ಅದರಡಿಯಲ್ಲಿ ಮನುಷ್ಯರ ಮುಖಗಳು ಜೀವಕಳೆ ಇಲ್ಲದಂತೆ ತೋರುತ್ತಿದ್ದುವು. ಆ ದೀಪದ ಗುಣಗಳನ್ನು ಪರಿಶೀಲಿಸುತ್ತಿರುವಾಗಲೇ ಅವನಿಗೆ 1902ರಲ್ಲಿ ರೆಕ್ಟಿಫೈಯರ್, ಎಂದರೆ ಪ್ರವಾಹವನ್ನು ಒಂದೇ ದಿಕ್ಕಿಗೆ ತಿದ್ದುವ ಸಾಧನವು, ಕೈಗೂಡಿತು.

ಅದರ ತತ್ತ್ವ ಸರಳವಾದದ್ದು. ಗಾಳಿಯನ್ನು ತೆಗೆದುಹಾಕಿದ ಗಾಜಿನ ಬುರುಡೆಯ ತಳದಲ್ಲಿ ಪಾರದದ ಒಂದು ಪುಟ್ಟ ಮಡು, ಅದೇ ಋಣಾಗ್ರ. ಬುರುಡೆಯ ಪಕ್ಕದ ತೋಳುಗಳಲ್ಲಿ ಕಬ್ಬಿಣದ ಅಥವಾ ಗ್ರಾಫೈಟಿನ ತುಂಡುಗಳು, ಅವೇ ಧನಾಗ್ರಗಳು. ಚಾಪವು ಒಮ್ಮೆ ಹೊತ್ತಿಕೊಂಡಿತೆಂದರೆ ಪಾರದದ ಮೇಲೆ ಕಣ್ಣುಕೋರೈಸುವ ಒಂದು ಚುಕ್ಕೆ ಮೂಡಿ ಅತ್ತಿತ್ತ ಓಡಾಡತೊಡಗುತ್ತದೆ. ಆ ಚುಕ್ಕೆಯಿಂದ ಎಲೆಕ್ಟ್ರಾನುಗಳು ಹೇರಳವಾಗಿ ಹೊರಟು ಧನಾಗ್ರವನ್ನು ಸೇರುತ್ತವೆ. ಗ್ರಾಫೈಟಿನ ಮೇಲೆ ಅಂಥ ಚುಕ್ಕೆ ಇಲ್ಲವಾದ್ದರಿಂದ ಅಲ್ಲಿಂದ ಎಲೆಕ್ಟ್ರಾನುಗಳು ಹಿಂದಿರುಗಲಾರವು. ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದ ಕವಾಟದಂತೆ ಈ ಬುರುಡೆಯು ಪ್ರವಾಹದ ಒಂದು ದಿಕ್ಕನ್ನು ಮಾತ್ರ ಹಾಯಗೊಡುತ್ತದೆ.

ತತ್ತ್ವವು ಸರಳವಾದರೂ ಪಾರದವು ಸರಳವಾದ ವಸ್ತುವಲ್ಲ. ಭಾರತದ ರಸಶಾಸ್ತ್ರಕಾರರು ಅದರಲ್ಲಿ ಚಾಂಚಲ್ಯ, ವಿಷ, ಅಸಹ್ಯಾಗ್ನಿ ಮೊದಲಾದ ದೋಷಗಳನ್ನು ಎಣಿಸಿ, ಹದಿನೆಂಟು ಸಂಸ್ಕಾರಗಳನ್ನು ವಿಧಿಸಿದ್ದರು. ಅವರ ಉದ್ದೇಶ ಬೇರೆ, ಪಶ್ಚಿಮದ ಎಂಜಿನಿಯರುಗಳ ಉದ್ದೇಶ ಬೇರೆ. ಆದರೆ ಈ ಲೋಹವನ್ನು ಅಂಕೆಗೆ ತರಬೇಕಾದರೆ ದೋಷಕ್ಕೊಂದು ಪರಿಹಾರ ಬೇಕೆಂಬ ಅನುಭವವು ಉಭಯರಿಗೂ ಸಮಾನವಾಯಿತು.

ಮೊದಲನೆಯ ದೋಷ, ಚಾಪವು ತಾನಾಗಿ ಹೊತ್ತಿಕೊಳ್ಳದಿರುವುದು. ತಣ್ಣಗಿರುವ ಪಾರದವು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಋಣಾಗ್ರದ ಈ ಮೊದಲ ಹಟವನ್ನು ಮುರಿದ ಮೇಲೆ ಮಾತ್ರ ಪ್ರವಾಹ ಹರಿಯುವುದೆಂದೂ, ಪ್ರವಾಹ ನಿಂತೊಡನೆಯೇ ಆ ಹಟವು ಮರಳಿ ಬರುವುದೆಂದೂ ಹ್ಯೂಯಿಟ್ಟನೇ ಕಂಡುಕೊಂಡಿದ್ದನು. ಆರಂಭದಲ್ಲಿ ಬುರುಡೆಯನ್ನೇ ಓರೆಮಾಡಿ, ಮಡುವಿನ ಪಾರದವು ಪಕ್ಕದ ಚಿಕ್ಕ ಅಗ್ರವೊಂದನ್ನು ಮುಟ್ಟುವಂತೆ ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಪಾರದದ ಎಳೆ ಕಡಿಯುವಾಗ ಹಾರಿದ ಕಿಡಿಯಿಂದ ಚಾಪ ಹೊತ್ತುತ್ತಿದ್ದಿತು. ದೊಡ್ಡ ಬುರುಡೆಗಳನ್ನು ಹೀಗೆ ಓಲಾಡಿಸುವುದು ಅಪಾಯಕರ. ಆದುದರಿಂದ ಹೊರಗಿನ ವಿದ್ಯುದಯಸ್ಕಾಂತದಿಂದ ಒಳಗಿನ ಕಬ್ಬಿಣದ ಕಡ್ಡಿಯನ್ನು ಸೆಳೆದು ಪಾರದದಲ್ಲಿ ಅದ್ದಿ ಮೇಲೆತ್ತುವ ಉಪಾಯವು ಬಂದಿತು. ಬುರುಡೆಯು ನಿಂತಲ್ಲೇ ನಿಂತಿತು. ಗುಂಡಿಯನ್ನು ಒತ್ತಿದರೆ ಚಾಪ ಹೊತ್ತಿತು.

ಎರಡನೆಯ ದೋಷ, ಹೊತ್ತಿದ ಚಾಪವು ಬಹುಬೇಗ ಆರಿಹೋಗುವುದು. ಪರ್ಯಾಯ ಪ್ರವಾಹವು ಪ್ರತಿ ಅರ್ಧಾವರ್ತಕ್ಕೊಮ್ಮೆ ಶೂನ್ಯಕ್ಕೆ ಇಳಿಯುತ್ತದೆ. ಆ ಕ್ಷಣದಲ್ಲಿ ಚುಕ್ಕೆ ಅಳಿದರೆ ಮತ್ತೆ ಹೊತ್ತಿಸಬೇಕು. ಇದಕ್ಕೆ ಎರಡು ಪರಿಹಾರಗಳನ್ನು ಕಂಡರು. ಮೊದಲನೆಯದು, ಎರಡು ಧನಾಗ್ರಗಳನ್ನಿಟ್ಟು ಮಂಡಲದಲ್ಲಿ ತಂತಿಯ ಸುರುಳಿಗಳನ್ನು ಸೇರಿಸುವುದು; ಸುರುಳಿಯು ಪ್ರವಾಹವನ್ನು ಕೊಂಚ ತಡೆದಿಟ್ಟು, ಒಂದು ಧನಾಗ್ರ ಬಿಡುವ ಮೊದಲೇ ಇನ್ನೊಂದು ಕೈಹಿಡಿಯುವಂತೆ ಮಾಡುತ್ತದೆ. ಇನ್ನೊಂದು, ಮೂರು ಫೇಸಿನ ಪ್ರವಾಹವನ್ನು ಬಳಸಿ ಮೂರು ಅಥವಾ ಆರು ಧನಾಗ್ರಗಳನ್ನು ಇಡುವುದು. ಆಗ ಸರದಿಯ ಮೇಲೆ ಒಂದಿಲ್ಲೊಂದು ಧನಾಗ್ರವು ಸದಾ ಕೆಲಸದಲ್ಲಿರುತ್ತದೆ. ಹೊರಬರುವ ಪ್ರವಾಹವೂ ಹೆಚ್ಚು ಸಮನಾಗಿರುತ್ತದೆ. ಇಷ್ಟಾದರೂ ಟ್ರಾಮು ನಿಂತು ಹೊರೆ ತಗ್ಗಿದಾಗ ಪ್ರವಾಹವು ಕೆಲವು ಆಂಪಿಯರಿಗಿಂತ ಕೆಳಗಿಳಿದು ಚಾಪ ಆರುತ್ತಿದ್ದಿತು. ಅದಕ್ಕಾಗಿ ಮಡುವಿನ ಹತ್ತಿರ ಎರಡು ಚಿಕ್ಕ ಧನಾಗ್ರಗಳನ್ನಿಟ್ಟು, ಅವುಗಳ ಮೂಲಕ ಅಲ್ಪ ಪ್ರವಾಹವನ್ನು ಅಖಂಡವಾಗಿ ಹರಿಸಿದರು. ಹೊರಗೆ ಕೆಲಸವಿರಲಿ ಬಿಡಲಿ, ಗರ್ಭಗುಡಿಯ ನಂದಾದೀಪದಂತೆ ಆ ಚುಕ್ಕೆ ಉಳಿಯಿತು.

ಮೂರನೆಯ ದೋಷವು ಉಷ್ಣದ್ದು. ಚಾಪವು ಪಾರದವನ್ನು ಎಡೆಬಿಡದೆ ಆವಿಯಾಗಿಸುತ್ತದೆ. ಆವಿಯ ಒತ್ತಡ ಹೆಚ್ಚಿದರೆ ಕವಾಟದ ಗುಣವೇ ಕೆಡುತ್ತದೆ. ಆದ್ದರಿಂದ ಧನಾಗ್ರಗಳ ಮೇಲ್ಗಡೆಗೆ ಗಾಜನ್ನು ದೊಡ್ಡ ಗುಮ್ಮಟವಾಗಿ ಊದಿದರು. ಆವಿಯು ಅಲ್ಲಿಗೇರಿ, ತಣ್ಣನೆಯ ಗಾಜಿಗೆ ತಗುಲಿ, ಹನಿಯಾಗಿ ಇಳಿದು ಮಡುವನ್ನು ಸೇರುತ್ತದೆ. ಗಡಿಗೆಯ ಮುಚ್ಚಳದಲ್ಲಿ ಹಬೆಯು ನೀರಾಗುವಂತೆಯೇ ಇದು. ಪಾರದವು ಖರ್ಚಾಗುವುದಿಲ್ಲ, ತುಂಬಬೇಕಾದುದೂ ಇಲ್ಲ. ದೊಡ್ಡ ಬುರುಡೆಗಳ ಕೆಳಗೆ ವಿದ್ಯುತ್ಪಂಖವನ್ನೂ ಇಟ್ಟರು.

ನಾಲ್ಕನೆಯದೇ ಎಲ್ಲಕ್ಕಿಂತ ಘೋರವಾದದ್ದು. ಅದಕ್ಕೆ ಬ್ಯಾಕ್‌ಫೈರ್, ಎಂದರೆ ಹಿಮ್ಮುಖ ಚಾಪ, ಎಂದು ಹೆಸರು. ಧನಾಗ್ರದ ಮೇಲೆ ಪಾರದದ ಹನಿಯೊಂದು ಕುಳಿತರೆ, ಅಥವಾ ಅಶುದ್ಧ ವಸ್ತುವೇನಾದರೂ ಇದ್ದರೆ, ಅಲ್ಲಿಯೂ ಉಜ್ಜ್ವಲ ಚುಕ್ಕೆ ಮೂಡಬಹುದು. ಆಗ ಧನಾಗ್ರವೇ ಋಣಾಗ್ರವಾಗಿ, ಪ್ರವಾಹವು ತಡೆಯಿಲ್ಲದೆ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿಗೆ ಆಘಾತವಾಗುತ್ತದೆ, ಫ್ಯೂಸುಗಳು ಸುಡುತ್ತವೆ, ಕೆಲವು ವೇಳೆ ಬುರುಡೆಯೇ ಒಡೆಯುತ್ತದೆ. ಇದು ಯಾವಾಗ ಸಂಭವಿಸುವುದೆಂದು ಮುಂಚೆ ಹೇಳುವಂತಿರಲಿಲ್ಲ. ಪರಿಹಾರಗಳು ಅನೇಕ ವರ್ಷಗಳ ಪ್ರಯೋಗದ ಫಲ. ಗಾಜಿನ ತೋಳುಗಳನ್ನು ನೆಟ್ಟಗೆ ಬಿಡದೆ ಬಾಗಿಸಿದರು. ಮಡುವಿನಿಂದ ಚಿಮ್ಮುವ ಹನಿಗಳು ತಿರುವಿನಲ್ಲೇ ನಿಂತವು. ಶುದ್ಧವಾದ ಗ್ರಾಫೈಟನ್ನು ಆರಿಸಿ, ಚೆನ್ನಾಗಿ ಕಾಯಿಸಿ, ಅದರೊಳಗಣ ಅನಿಲವನ್ನು ಹೊರಡಿಸಿದರು. ಧನಾಗ್ರವು ಕೆಲಸದಲ್ಲಿ ಬಿಸಿಯಾಗಿಯೇ ಇರುವಂತೆ ಏರ್ಪಡಿಸಿದರು. ಬಿಸಿಯ ಮೇಲೆ ಪಾರದ ಹನಿಗಟ್ಟದಷ್ಟೆ. ಹಲವು ತೋಳುಗಳಿದ್ದ ಆ ಬುರುಡೆಗಳು ನೀಲಿಬೆಳಕಿನಲ್ಲಿ ಯಾವುದೋ ಕಡಲಜೀವಿಯಂತೆ ಕಾಣುತ್ತಿದ್ದುವು. ಆದರೆ ಆ ಆಕಾರದ ಒಂದೊಂದು ತಿರುವಿಗೂ ಕಾರಣವಿದ್ದಿತು.

ಇಷ್ಟು ಸಂಸ್ಕಾರವಾದ ಮೇಲೆ ಯಂತ್ರದ ಒಂದು ಗುಣವು ವ್ಯಕ್ತವಾಯಿತು. ಹರಿಯುವ ಪ್ರವಾಹವು ಹೆಚ್ಚಲಿ ಕಡಮೆಯಾಗಲಿ, ಚಾಪದಲ್ಲಿ ನಷ್ಟವಾಗುವುದು ಸುಮಾರು 20 ವೋಲ್ಟು ಮಾತ್ರ. 100 ವೋಲ್ಟಿನ ಕೆಲಸಕ್ಕೆ 20 ವೋಲ್ಟಿನ ನಷ್ಟವೆಂದರೆ ನೂರಕ್ಕೆ 83ರಷ್ಟು ಮಾತ್ರ ಫಲ. 600 ವೋಲ್ಟಿನ ಟ್ರಾಮಿನಲ್ಲಾದರೆ ಸುಮಾರು 97, 1500 ವೋಲ್ಟಿನ ರೈಲಿನಲ್ಲಾದರೆ 98ಕ್ಕೂ ಮೇಲೆ. ಆರಂಭದಲ್ಲಿ ವಿದ್ಯುತ್ಕಾರುಗಳ ಬ್ಯಾಟರಿಗೂ ಬೀದಿಯ ಚಾಪದೀಪಗಳಿಗೂ ಮೀಸಲಾಗಿದ್ದ ಈ ಯಂತ್ರವು ರೈಲುಮಾರ್ಗಗಳಿಗೆ ಏರಿದ್ದಕ್ಕೆ ಈ ಲೆಕ್ಕವೇ ಕಾರಣ.

ಆದರೆ ಗಾಜಿಗೆ ಒಂದು ಮಿತಿಯುಂಟು. ಒಂದೊಂದು ಬುರುಡೆಯೂ ನುರಿತ ಕುಶಲಿಯು ಊದಿ ಮಾಡಬೇಕಾದದ್ದು. ಲೋಹದ ತಂತಿಯು ಗಾಜನ್ನು ಹೊಗುವೆಡೆಯಲ್ಲಿ ಉಷ್ಣಕ್ಕೆ ಎರಡೂ ಸಮನಾಗಿ ಹಿಗ್ಗದಿದ್ದರೆ ಬಿರುಕು ತಪ್ಪದು. ಕೆಲವು ನೂರು ಆಂಪಿಯರಿನಿಂದ ಮುಂದಕ್ಕೆ ಗಾಜು ಸಾಗಲಿಲ್ಲ. ಸುಮಾರು 1910ರ ಹೊತ್ತಿಗೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹಾರ್ಟ್‌ಮನ್ ಮತ್ತು ಬ್ರೌನ್ ಕಾರ್ಖಾನೆಯಲ್ಲಿ ಬೇಲಾ ಶೇಫರ್ ಎಂಬ ಎಂಜಿನಿಯರನು ಗಾಜನ್ನು ಬಿಟ್ಟು ಉಕ್ಕಿನ ಪಾತ್ರೆಯನ್ನು ಹಿಡಿದನು. ತರುವಾಯ ಸ್ವಿಟ್ಜರ್ಲೆಂಡಿನ ಬಾಡೆನ್ ನಗರದ ಬ್ರೌನ್ ಬೊವೇರಿ ಕಂಪನಿಯು ಈ ಕೆಲಸವನ್ನು ಮುಂದುವರಿಸಿತು. ಉಕ್ಕನ್ನು ಎಷ್ಟು ದೊಡ್ಡದಾಗಿ ಬೇಕಾದರೂ ಕಟ್ಟಬಹುದು, ಸುತ್ತಲೂ ನೀರು ಹರಿಸಿ ತಣಿಸಬಹುದು. ಆದರೆ ಉಕ್ಕಿನ ಪಾತ್ರೆಯ ಕೀಲುಗಳಲ್ಲಿ ಗಾಳಿ ನುಸುಳುತ್ತದೆ. ಲೇಶಮಾತ್ರ ಗಾಳಿಯಿಂದಲೂ ನಿರ್ವಾತ ಕೆಟ್ಟು ಹಿಮ್ಮುಖ ಚಾಪಕ್ಕೆ ದಾರಿಯಾಗುತ್ತದೆ. ಹೀಗೆ ಒಂದು ದೋಷದ ಪರಿಹಾರವೇ ಇನ್ನೊಂದು ದೋಷಕ್ಕೆ ಮೂಲವಾಯಿತು. ಇದಕ್ಕಾಗಿ ಪಾತ್ರೆಗೆ ಸದಾ ಗಾಳಿ ಎಳೆಯುವ ಪಂಪುಗಳನ್ನು ಜೋಡಿಸಬೇಕಾಯಿತು. 1915ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಗೇಡೆ ಪ್ರಕಟಿಸಿದ ಪಂಪು ಇಲ್ಲಿ ಬಹು ಉಪಕಾರಿಯಾಯಿತು. ಅದರಲ್ಲಿ ಗಾಳಿಯನ್ನು ಹೊರದೂಡುವುದು ಪಾರದದ ಆವಿಯೇ. ಪಾರದದ ತೊಂದರೆಯನ್ನು ಕಳೆಯಲು ಪಾರದವೇ ಬೇಕಾಯಿತು!

ಮುಂದಿನ ಸುಧಾರಣೆಗಳನ್ನು ಸಂಗ್ರಹವಾಗಿ ಹೇಳಬಹುದು. ಚಾಪದ ದಾರಿಯಲ್ಲಿ ಲೋಹದ ಜಾಲರಿಯನ್ನಿಟ್ಟು, ಧನಾಗ್ರವು ಯಾವ ಕ್ಷಣದಲ್ಲಿ ಕೆಲಸ ತೊಡಗಬೇಕೆಂಬುದನ್ನು ನಿಯಮಿಸಬಹುದೆಂಬ ವಿಚಾರವನ್ನು ಇರ್ವಿಂಗ್ ಲಾಂಗ್ಮ್ಯೂರ್ 1914ರಲ್ಲಿ ಮುಂದಿಟ್ಟನು. ಜಾಲರಿಯು ಚಾಪವನ್ನು ತಡೆದು ನಿಲ್ಲಿಸಬಲ್ಲದು. ಒಮ್ಮೆ ಹೊತ್ತಿದ್ದನ್ನು ಆರಿಸಲಾರದು. 1930ರ ದಶಕದ ಮೊದಲಲ್ಲಿ ಅಮೆರಿಕದ ಜೋಸೆಫ್ ಸ್ಲೆಪಿಯನ್ ನಂದಾದೀಪದ ಕ್ರಮವನ್ನೇ ಕೈಬಿಟ್ಟನು. ಪಾರದದಲ್ಲಿ ಅದ್ದಿದ ವಿಶೇಷ ಕಡ್ಡಿಯೊಂದರಿಂದ ಪ್ರತಿಯೊಂದು ಆವರ್ತದಲ್ಲೂ ಚಾಪವನ್ನು ಹೊಸದಾಗಿ ಹೊತ್ತಿಸಿದನು. ಹಿಮ್ಮುಖದ ವೇಳೆಯಲ್ಲಿ ಚಾಪವೇ ಇಲ್ಲದ್ದರಿಂದ ಹಿಮ್ಮುಖ ಚಾಪದ ಭಯವು ಬಹುಮಟ್ಟಿಗೆ ಹೋಯಿತು. ಇದಕ್ಕೆ ಇಗ್ನಿಟ್ರಾನ್ ಎಂದು ಹೆಸರಾಯಿತು. ಸ್ವೀಡನ್ನಿನ ಉನೋ ಲಾಮ್ ಧನಾಗ್ರಕ್ಕೂ ಋಣಾಗ್ರಕ್ಕೂ ನಡುವೆ ಅನೇಕ ಅಗ್ರಗಳನ್ನು ಮೆಟ್ಟಿಲುಗಳಂತೆ ಇಟ್ಟು ಅತ್ಯಧಿಕ ವೋಲ್ಟುಗಳನ್ನು ಹಂಚಿಹಾಕುವ ವಿಧಾನಕ್ಕೆ 1929ರಲ್ಲಿ ಪೇಟೆಂಟು ಬೇಡಿದನು. ಅದು ಫಲಿಸಲು ಇಪ್ಪತ್ತೈದು ವರ್ಷ ಹಿಡಿಯಿತು. 1954ರಲ್ಲಿ ಗಾಟ್‌ಲ್ಯಾಂಡ್ ದ್ವೀಪಕ್ಕೆ ಸಮುದ್ರದೊಳಗಿನ ಕೇಬಲಿನ ಮೂಲಕ ಒಂದು ಲಕ್ಷ ವೋಲ್ಟಿನ ಏಕಮುಖ ಪ್ರವಾಹವು ಹರಿಯಿತು.

1957ರಲ್ಲಿ ಸಿಲಿಕಾನಿನಿಂದ ಮಾಡಿದ ಥೈರಿಸ್ಟರ್ ಹೊರಬಂದ ಮೇಲೆ ಪಾರದದ ಕಾಲವು ಇಳಿಮುಖವಾಯಿತು. ಪಾರದವು ವಿಷವೆಂಬ ದೋಷವಂತೂ ಯಾವ ಸಂಸ್ಕಾರದಿಂದಲೂ ಹೋಗಿರಲಿಲ್ಲ. ಒಡೆದ ಬುರುಡೆಯು ಕೆಲಸಗಾರನಿಗೂ ನೆಲಕ್ಕೂ ಕೇಡಾಗಿಯೇ ಉಳಿದಿದ್ದಿತು. ನ್ಯೂಜಿಲೆಂಡಿನ ಎರಡು ದ್ವೀಪಗಳನ್ನು ಕೂಡಿಸುವ ವಿದ್ಯುನ್ಮಾರ್ಗದಲ್ಲಿ 1965ರಿಂದ ದುಡಿದ ಪಾರದ ಕವಾಟಗಳು 2012ರಲ್ಲಿ ನಿವೃತ್ತವಾದುವು. ಆದರೆ ಅವು ತೋರಿಸಿದ ದಾರಿ ಅಳಿಯಲಿಲ್ಲ. 1902ರಲ್ಲಿ ಶಿವನಸಮುದ್ರದ ಪರ್ಯಾಯ ಪ್ರವಾಹವನ್ನು ಪಡೆದ ಕೋಲಾರದ ಸೀಮೆಗೆ 2003ರಲ್ಲಿ ಒರಿಸ್ಸಾದ ತಾಲ್ಚೇರಿನಿಂದ ಸುಮಾರು 1450 ಕಿಲೋಮೀಟರ್ ದೂರ ಏಕಮುಖ ಪ್ರವಾಹವೇ ಬಂದಿತು. ಅದನ್ನು ತಿದ್ದುವುದು ಸಿಲಿಕಾನು. ಹಾಗೆ ತಿದ್ದಿ ದೂರಕ್ಕೆ ಸಾಗಿಸಬಹುದೆಂದು ಮೊದಲು ನಂಬಿಕೆ ಹುಟ್ಟಿಸಿದ್ದು ಪಾರದ.

ಹ್ಯೂಯಿಟ್ಟನು 1921ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನ ಹೆಸರು ಗ್ರಂಥಗಳಲ್ಲಿ ಉಳಿದಿದೆ, ಉಳಿಯತಕ್ಕದ್ದೇ. ಆದರೆ ಗಾಜಿನ ತೋಳನ್ನು ಮೊದಲು ಬಾಗಿಸಿದ ಕುಶಲಿಯ ಹೆಸರು ಸಾಮಾನ್ಯ ಗ್ರಂಥಗಳಲ್ಲಿ ದೊರೆಯದು. ಆ ಒಂದು ತಿರುವು ಇಲ್ಲದಿದ್ದರೆ ಯಂತ್ರವು ಪ್ರಯೋಗಶಾಲೆಯ ಬೆರಗಾಗಿಯೇ ನಿಂತುಹೋಗುತ್ತಿದ್ದಿತು. ವಿದ್ಯೆಯ ಚರಿತ್ರೆಯನ್ನು ಓದುವವರು ಕಂಡವನ ಜೊತೆಗೆ ತಿದ್ದಿದವನನ್ನೂ ನೆನೆಯುವುದು ನ್ಯಾಯ.