ಹುಳಿ ಮೊಸರಿನ ಬಡ್ತಿ

ಜಿಡ್ಡು ಮುಖಕ್ಕೆ, ಮೊಡವೆಗೆ ಮೊಸರು ಹಚ್ಚುವುದು ಆಯುರ್ವೇದದಷ್ಟೇ ಹಳೆಯ ಮದ್ದು ಎಂಬ ಮಾತು ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಚಾಲ್ತಿಯಲ್ಲಿದೆ. ಗ್ರಂಥ ತೆರೆದರೆ ಬೇರೆಯೇ ಕಥೆ. ಸುಶ್ರುತ ಸಂಹಿತೆ ಹರೆಯದ ಮೊಡವೆಯನ್ನು ಬೂರುಗದ ಮುಳ್ಳಿಗೆ ಹೋಲಿಸುತ್ತದೆ. ಕಫ, ವಾತ, ರಕ್ತಗಳು ಕೆಟ್ಟು ಹುಟ್ಟಿದ್ದು ಎನ್ನುತ್ತದೆ. ಅದಕ್ಕೆ ಹೇಳುವ ಚಿಕಿತ್ಸೆ ವಮನ (ವಾಂತಿ ಮಾಡಿಸುವುದು), ಮೇಲೆ ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆ ಅರೆದ ಲೇಪ. ಇಲ್ಲವೇ ಕೊತ್ತಂಬರಿ ಬೀಜ ಸೇರಿದ ಇನ್ನೊಂದು. ಅಲ್ಲಿ ಮೊಸರಿನ ಸುದ್ದಿಯೇ ಇಲ್ಲ. ಚರಕ ಸಂಹಿತೆಯಂತೂ ಕ್ರಮ ತಪ್ಪಿ ಮೊಸರು ತಿಂದವರಿಗೆ ವಿಸರ್ಪ, ಕುಷ್ಠದಂಥ ಚರ್ಮರೋಗಗಳು ಬರುತ್ತವೆಂದು ಎಚ್ಚರಿಸುತ್ತದೆ. ತಿನ್ನುವುದು ಬೇರೆ, ಹಚ್ಚುವುದು ಬೇರೆ ಎಂದರೆ ಒಪ್ಪೋಣ. ಆದರೂ ಮೊಡವೆಗೆಂದೇ ಹೇಳಿದ ಆ ಲೇಪಗಳಲ್ಲಿ ಇಲ್ಲದ್ದಕ್ಕೆ ಸುಶ್ರುತನ ವಂಶಾವಳಿ ಕಟ್ಟುವುದು ಸಲ್ಲದು.

ಹಾಗಾದರೆ ಇದು ಬಂದದ್ದೆಲ್ಲಿಂದ? ಬಚ್ಚಲುಮನೆಯಿಂದ ಎಂಬುದು ನನ್ನ ವಾದ. ಚೆನ್ನೈಯ ನುಂಗಂಬಾಕ್ಕಮನ್ನೇ ನೋಡಿ. ಫ್ರಿಜ್ ಇಲ್ಲದ ಕಾಲದಲ್ಲಿ ಈ ಕರಾವಳಿಯ ಸೆಖೆಗೆ ರಾತ್ರಿ ಹೆಪ್ಪು ಹಾಕಿದ ಮೊಸರು ಮರುದಿನ ಇಳಿಹೊತ್ತಿಗೆ ಬಾಯಿಗಿಡಲಾಗದಷ್ಟು ಹುಳಿ. ಅದನ್ನು ಚೆಲ್ಲುವ ಮನೆ ಯಾವುದಿತ್ತು? ಶುಕ್ರವಾರದ ಎಣ್ಣೆಸ್ನಾನಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು ಹೇಗೂ ಬೇಕು; ಹಿಟ್ಟು ಕಲಸಲು ಹುಳಿ ಮೊಸರು ಸಿದ್ಧವಿತ್ತು. ಎಣ್ಣೆ ಹೀರುತ್ತಿದ್ದದ್ದು ಹಿಟ್ಟು. ಮೊಸರು ಅದನ್ನು ಮೈಗೆ ಅಂಟಿಸುವ, ಉಜ್ಜುವಾಗ ಜಾರಿಸುವ ದ್ರವವಷ್ಟೇ. ಇದು ಸ್ನಾನದ ಸಾಮಗ್ರಿ, ರೋಗದ ಮದ್ದಲ್ಲ.

ಮದ್ದಿನ ಪಟ್ಟ ಸಿಕ್ಕಿದ್ದು ಸಾಬೂನು ಬಂದ ಮೇಲೆ. ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ 1910ರ ದಶಕದಲ್ಲಿ ಶುರುವಾಯಿತು. 1941ರಲ್ಲಿ ಲಕ್ಸ್ ಜಾಹೀರಾತಿಗೆ ಬಂದ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್. ಅಷ್ಟರಲ್ಲಿ ನುಂಗಂಬಾಕ್ಕಂನ ಅಂಚಿನಲ್ಲಿ ಜೆಮಿನಿ ಸ್ಟುಡಿಯೋ ತಲೆಯೆತ್ತಿತ್ತು, ಪ್ಯಾನ್‌ಕೇಕ್ ಮೇಕಪ್ ಬಳಿದ ಮುಖಗಳೇ ಚೆಲುವಿನ ಮಾದರಿಯಾಗಿದ್ದವು. ದಿನದ ಸ್ನಾನವನ್ನು ಸಾಬೂನು ಕಸಿದುಕೊಂಡ ಮೇಲೆ ಹಿಟ್ಟು-ಮೊಸರಿಗೆ ಉಳಿದದ್ದು ವಿಶೇಷದ ಜಾಗ: ಆಗಾಗ, ಮುಖಕ್ಕೆ ಮಾತ್ರ, ಸಾಬೂನು ಬಗೆಹರಿಸದ ತೊಂದರೆಗೆ.

ವಿಜ್ಞಾನವೂ ಇದನ್ನು ಒಪ್ಪಿದೆಯಲ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲವೇ ಮುಖಕ್ಕೆ ಹಚ್ಚುವ ಸೀರಮ್ಮಿನಲ್ಲೂ ಇದೆಯಲ್ಲ ಎನ್ನುವವರಿದ್ದಾರೆ. ಆಮ್ಲ ಅದೇ ನಿಜ. 1780ರಲ್ಲಿ ರಸಾಯನವಿಜ್ಞಾನಿ ಷೀಲೆ ಅದನ್ನು ಬೇರ್ಪಡಿಸಿದ್ದೇ ಹುಳಿತ ಹಾಲಿನಿಂದ. ಆದರೆ ಮನೆ ಮೊಸರಿನಲ್ಲಿರುವುದು ಶೇ. 1ರ ಆಸುಪಾಸು, ಅಂಗಡಿಯ ಸೀರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ. 5ರಿಂದ 10, ಅದೂ ಆಮ್ಲೀಯತೆಯನ್ನು ಅಳೆದು ಹೊಂದಿಸಿದ್ದು. ಮೊಡವೆಯೋ ರೋಮಕೂಪದ ಒಳಗೆ ಜಿಡ್ಡು ಕಟ್ಟಿಕೊಂಡು, ಬ್ಯಾಕ್ಟೀರಿಯಾ ಬೆಳೆದು, ಊದಿಕೊಳ್ಳುವ ಬಾಧೆ. ಮೇಲೆ ಬಳಿದು ತೊಳೆಯುವ ಮೊಸರು ಅಷ್ಟು ಆಳಕ್ಕೆ ಇಳಿಯದು. ಹಚ್ಚಿದಾಗ ಹಾಯೆನಿಸುವುದು ಸುಳ್ಳಲ್ಲ, ಹಿಟ್ಟು ಜಿಡ್ಡು ತೆಗೆಯುವುದೂ ನಿಜ. ಅದನ್ನು ಗುಣವಾಯಿತು ಎನ್ನಲಾಗದು. ಇನ್ನು ತಮಿಳುನಾಡಿನ ಹಾಲು ಒಕ್ಕೂಟವಾದ ಆವಿನ್‌ನ ಪ್ಯಾಕೆಟ್ಟಿನ ಮೊಸರು ಫ್ರಿಜ್ಜಿನಲ್ಲಿ ಬೇಗ ಹುಳಿಯೇರುವುದಿಲ್ಲ. ಅಜ್ಜಿಯ ಕಾಲದ ಮದ್ದೆಂದು ಈಗ ಮುಖಕ್ಕೆ ಹೋಗುವುದು ಅಜ್ಜಿ ಅನ್ನಕ್ಕೆ ಕಲಸುತ್ತಿದ್ದ ಸಿಹಿ ಮೊಸರು.